ಎಡಗಣ್ಣಿಗೆ ಐದು, ಬಲಗಣ್ಣಿಗೆ ಹತ್ತು

ಅಟ್ಲಾಂಟಿಕ್ ಸಮುದ್ರದ ದ್ವೀಪವೊಂದರಲ್ಲಿ, ಸೇಂಟ್ ಫಿಲಿಪ್ ಪ್ಯಾರಿಷ್ ಅನ್ನುವ ತಾಲ್ಲೂಕಿನ ಪೆಲಿಕನ್ ಗ್ಯಾಪ್ ಎಂಬ ಊರಲ್ಲಿ ಸುಳ್ಳು ಹೇಳುವವರು ಒಬ್ಬರೂ ಇಲ್ಲ. ಇದ್ದದ್ದನ್ನು ಸ್ವಲ್ಪ ಹಿಗ್ಗಿಸಿ ಹೇಳುವವರು ಮಾತ್ರ ಇದ್ದಾರೆ. ಆದ್ದರಿಂದ ಮುಂದಿನದನ್ನೆಲ್ಲ ಕಣ್ಣುಮುಚ್ಚಿ ನಂಬಬಹುದು.

ಆಸ್ವಿನ್ ಸ್ಕೀಟ್ ಮೂವತ್ತೊಂಬತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ಪ್ಯಾರಿಷ್‌ನಲ್ಲಿ ಹುಟ್ಟಿದ, ಸತ್ತ, ಇನ್ನೂ ಹುಟ್ಟಲಿರುವ ಪ್ರತಿಯೊಬ್ಬರ ಹೆಸರನ್ನೂ ಓದಿದ್ದ. ಅವನ ಹೆಸರನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ. ಊರಿಗೆ ಅವನು ‘ವೆಲ್ಡಾಳ ಗಂಡ’. ಹಿಂದಿನ ಕೋಣೆಯಲ್ಲೇ ವಾಸವಾಗಿದ್ದ ಅತ್ತೆ ಅಯಾಂತಿ ಗಿಟೆನ್ಸ್‌ಗಂತೂ ಮದುವೆಯಾದ ೧೯೭೩ರಿಂದಲೂ ಅವನು ‘ಆ ಮನುಷ್ಯ’. ‘ಆ ಮನುಷ್ಯನಿಗೆ ಊಟಕ್ಕೆ ಬಾ ಅನ್ನು’, ‘ಆ ಮನುಷ್ಯ ಬಾಗಿಲು ಹಾಕಿಲ್ಲ ನೋಡು.’ ಎಂಬತ್ತೆರಡು ವರ್ಷದ ಆ ಹೆಂಗಸು ಪಕ್ಕದಲ್ಲೇ ನಿಂತಿದ್ದರೂ ಅವನೊಡನೆ ನೇರವಾಗಿ ಒಂದು ಮಾತೂ ಆಡಿದವಳಲ್ಲ.

ಸ್ಕೀಟನಿಗೆ ಒಂದೇ ಒಂದು ಆಸೆ. ಪ್ರತಿ ವರ್ಷ ನವೆಂಬರ್ ಮೂವತ್ತರಂದು, ಸ್ವಾತಂತ್ರ್ಯದ ದಿನ, ಇಗರ್ಜಿಯ ಹಾಲ್‌ನಲ್ಲಿ ಪ್ರದರ್ಶನ ನಡೆಯುತ್ತದೆ. ಕೇಕು, ಉಪ್ಪಿನಕಾಯಿ, ಕಸೂತಿ, ಕುಂಬಳಕಾಯಿ, ಎಲ್ಲದರ ಮುಂದೂ ಒಂದು ಬಿಳಿ ಕಾರ್ಡು, ಕಾರ್ಡಿನ ಮೇಲೆ ಮಾಲೀಕರ ಹೆಸರು. ಆ ಕಾರ್ಡಿನ ಮೇಲೆ ತನ್ನ ಹೆಸರು ಬರಬೇಕು. ಒಂದು ಸಲ ಗೆಣಸು ಇಟ್ಟು ನೋಡಿದ್ದ. ಯಾರೋ ಅದನ್ನು ಕಲ್ಲೆಂದು ತಿಳಿದು, ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಒತ್ತಿಬಿಟ್ಟಿದ್ದರು.

ಆ ವರ್ಷ ಪ್ರದರ್ಶನಕ್ಕೆ ಹೊಸದಾಗಿ ನಾಣ್ಯಗಳ ಮೇಜು ಸೇರಿತು. ಸ್ಕೀಟ್ ಸದ್ದಿಲ್ಲದೆ ತನ್ನ ಎರಡು ಕಪ್ಪುಹೊಟ್ಟೆಯ ಕುರಿಗಳನ್ನು ಮಾರಿ, ಬಸ್ಸು ಹತ್ತಿ ರಾಜಧಾನಿ ಬ್ರಿಜ್‌ಟೌನ್‌ಗೆ ಹೋದ. ಸ್ವಾನ್ ಸ್ಟ್ರೀಟ್‌ನಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಳೆಯ ನಾಣ್ಯ ಮಾರುವ ಕಿಂಚ್ ಎಂಬ ಮಹಾಶಯರಿದ್ದರು. ನಾಣ್ಯಗಳ ಮೇಜಿಗೆ ತೀರ್ಪುಗಾರರೂ ಅವರೇ. ಮನುಷ್ಯ ಎಷ್ಟು ತೆಳ್ಳಗಿದ್ದರೆಂದರೆ ಅಡ್ಡ ತಿರುಗಿದರೆ ಅಂಗಡಿ ಖಾಲಿ ಕಾಣುತ್ತಿತ್ತು.

“ಉಸಿರು ಬಿಡಬೇಡಿ!” ಎಂದರು ಕಿಂಚ್. ಅದೇ ಅವರ ಸ್ವಾಗತ.

ಬಿಳಿ ಕೈಗವಸು ತೊಟ್ಟು ಅವರು ಒಂದು ಪೆಟ್ಟಿಗೆ ತೆರೆದರು. ಒಳಗೆ ಎಂಟು ನಾಣ್ಯ. ೧೯೭೩ರ ಪ್ರೂಫ್ ಸೆಟ್, ದ್ವೀಪದ ಸ್ವಂತ ನಾಣ್ಯಗಳು ಹುಟ್ಟಿದ ವರ್ಷದ್ದು. ಅಂಗಡಿ ಬೀದಿಗಿಳಿದು ಕೈಯಿಂದ ಕೈಗೆ ಹೋಗಲೆಂದು ಮಾಡಿದ ಕಾಸಲ್ಲ ಅದು. ನೋಡಲೆಂದೇ ಒಂದಕ್ಕೆರಡು ಸಲ ಅಚ್ಚು ಹೊಡೆದದ್ದು. ತಳವೆಲ್ಲ ಕನ್ನಡಿ, ಚಿತ್ರವೆಲ್ಲ ಹಿಮದ ಪುಡಿ ಉದುರಿಸಿದ ಹಾಗೆ ಬೆಳ್ಳಗೆ. ಏಳು ಮೂಲೆಯ ಡಾಲರಿನ ಮೇಲೆ ಹಾರುಮೀನು. ತುದಿಯಲ್ಲಿ ಎರಡು ದೊಡ್ಡ ಬೆಳ್ಳಿ ನಾಣ್ಯ: ಎಡಕ್ಕೆ ಕಾರಂಜಿಯ ಚಿತ್ರದ ಐದು ಡಾಲರು, ಬಲಕ್ಕೆ ಸಮುದ್ರರಾಜನಿರುವ ಹತ್ತು ಡಾಲರು. ಮೂವತ್ತೈದು ವರ್ಷದ ಗಾಳಿಗೆ ಆ ಎರಡರ ಅಂಚಿನಲ್ಲಿ ನೀಲಿ, ಹೊಂಬಣ್ಣದ ಉಂಗುರ ಕಟ್ಟಿತ್ತು.

“ಈ ಬಣ್ಣ ನೋಡಿ,” ಎಂದರು ಕಿಂಚ್, ಕಣ್ಣಲ್ಲಿ ನೀರು ತಂದುಕೊಂಡು. “ಕಾಮನಬಿಲ್ಲು! ಇದನ್ನ ಮನುಷ್ಯ ಮಾಡಕ್ಕಾಗಲ್ಲ. ಕಾಲವೇ ಮಾಡಬೇಕು.”

ಸ್ಕೀಟ್ ನೋಡಿದ. ತನ್ನ ಮದುವೆಯ ವರ್ಷ. ವೆಲ್ಡಾಗೆ ಆಶ್ಚರ್ಯ ಮಾಡಬೇಕು ಎಂದುಕೊಂಡ. ಕುರಿಗಳು ಅಲ್ಲಿಗೆ ಹೋದವು.

“ಈಗ ಕೇಳಿ,” ಎಂದರು ಕಿಂಚ್. “ಬೆರಳು ತಾಗಬಾರದು. ಅದರ ಮುಂದೆ ಮಾತಾಡಬಾರದು, ಎಂಜಲು ಹಾರುತ್ತೆ. ಸಮುದ್ರದ ಗಾಳಿ ಬಡೀಬಾರದು. ಮರದ ಕಪಾಟಲ್ಲಿ ಇಡಬಾರದು, ಮರ ಹುಳಿ ಆವಿ ಬಿಡುತ್ತೆ. ಮೆತ್ತನೆ ಪ್ಲಾಸ್ಟಿಕ್ ಬೇಡ, ಹಸಿರು ಹಿಡಿಯುತ್ತೆ. ರಬ್ಬರ್ ಬೇಡ, ಪೇಪರ್ ಬೇಡ, ತೇವವಂತೂ ಬೇಡವೇ ಬೇಡ.”

“ಹಾಗಾದ್ರೆ ಎಲ್ಲಿಡ್ಲಿ ಸಾರ್?”

“ಅದು ನಿಮ್ಮ ಹಣೆಬರಹ. ಇನ್ನೊಂದು. ಏನು ತಗೊಂಡೆ, ಎಲ್ಲಿಟ್ಟೆ ಅಂತ ಹೆಂಡ್ತಿಗೂ ಬಾಯಿ ಬಿಡಬೇಡಿ, ಕಳ್ಳರಿದ್ದಾರೆ. ಮತ್ತೆ ಯಾವತ್ತೂ, ಯಾವತ್ತೂ ಉಜ್ಜಬೇಡಿ! ಉಜ್ಜಿದ ಪ್ರೂಫ್ ನಾಣ್ಯ ಅಂದ್ರೆ ಇಸ್ತ್ರಿ ಹಾಕಿದ ಗುಲಾಬಿ ಇದ್ದಂಗೆ.”

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸ್ಕೀಟ್ ಯೋಚಿಸಿದ. ಅವನ ಮನೆ ಮರದ್ದು. ಗೋಡೆ ಮರ, ನೆಲ ಮರ, ಕಿಟಕಿ ಮರ. ಕಿಟಕಿ ತೆರೆದರೆ ಅಟ್ಲಾಂಟಿಕ್ ಸಮುದ್ರ ಸೀದಾ ಅಡುಗೆಮನೆಗೆ ಬಂದು ಉಪ್ಪು ಹಾಕಿ ಹೋಗುತ್ತದೆ. ಅದಾದರೂ ಸಹಿಸಬಹುದು, ಆದರೆ ಒಳಗೆ ಅಯಾಂತಿ ಗಿಟೆನ್ಸ್ ಇದ್ದಾಳೆ.

ಅಯಾಂತಿ ಐವತ್ತು ವರ್ಷದಿಂದ ಇಗರ್ಜಿಯ ಹಿತ್ತಾಳೆ ಸಾಮಾನು ಉಜ್ಜುತ್ತಿರುವವಳು. ಬೈಬಲ್ ಇಡುವ ಪೀಠದ ಹಿತ್ತಾಳೆ ಹದ್ದು ಅವಳ ಕೈಗೆ ಸಿಕ್ಕಿದಾಗ ರೆಕ್ಕೆ, ಕೊಕ್ಕು, ಉಗುರು ಎಲ್ಲ ಇತ್ತಂತೆ. ಈಗ ಅದು ಪಾರಿವಾಳ, ಇನ್ನು ಹತ್ತು ವರ್ಷದಲ್ಲಿ ಮೊಟ್ಟೆ. ಹೊಳೆಯುವುದನ್ನು ಕಂಡರೆ ಇನ್ನೂ ಹೊಳೆಯಲಿ ಎಂದು ಉಜ್ಜುವಳು, ಹೊಳೆಯದ್ದನ್ನು ಕಂಡರೆ ಯಾಕೆ ಹೊಳೆಯಲ್ಲ ಎಂದು ಉಜ್ಜುವಳು. ಒಮ್ಮೆ ಅಂಗಳದಲ್ಲಿ ನಿದ್ದೆ ಹೋಗಿದ್ದ ಸ್ಕೀಟನ ಬೋಳುತಲೆಗೂ ಬಟ್ಟೆ ಹಿಡಿದು ಬಂದಿದ್ದಳೆಂದು ಪ್ರತೀತಿ.

ಮನೆ ಸೇರಿದ ಸ್ಕೀಟ್ ಪೆಟ್ಟಿಗೆಯನ್ನು ಬ್ರೆಡ್ಡಿನ ತಗಡಿನ ಡಬ್ಬಿಯಲ್ಲಿ ಬಚ್ಚಿಟ್ಟು ಕೈತೊಳೆಯಲು ಹೋದ. ಬರುವಷ್ಟರಲ್ಲಿ ಡಬ್ಬಿ ಅಯಾಂತಿಯ ತೊಡೆಯ ಮೇಲಿತ್ತು, ಹೊರಮೈ ಸೂರ್ಯನಂತೆ ಉರಿಯುತ್ತಿತ್ತು, ಅವಳ ಕೈ ಆಗತಾನೇ ಮುಚ್ಚಳಕ್ಕೆ ಹೋಗಿತ್ತು. ಸ್ಕೀಟ್ ಡಬ್ಬಿ ಕಿತ್ತುಕೊಂಡ.

“ವೆಲ್ಡಾ,” ಎಂದಳು ಅಯಾಂತಿ ಗೋಡೆಗೆ, “ಆ ಮನುಷ್ಯನಿಗೆ ಬ್ರೆಡ್ಡಿನ ಹುಚ್ಚು ಹಿಡಿದಿದೆ.”

ವೆಲ್ಡಾ ಹೊರಗೆ ಬಂದಳು. “ಆಸ್ವಿನ್, ಕುರಿ ಎಲ್ಲಿ?”

“ಮಾರಿದೆ.”

“ಯಾಕೆ?”

“ಮೂವತ್ತನೇ ತಾರೀಕು ಗೊತ್ತಾಗುತ್ತೆ. ಅಲ್ಲಿವರೆಗೂ ನನ್ನ ಏನೂ ಕೇಳ್ಬೇಡ ವೆಲ್ಡಾ. ಗಟ್ಟಿ ಮನಸ್ಸು ಮಾಡ್ಕೋ,” ಎಂದು ಸ್ಕೀಟ್ ಡಬ್ಬಿ ಅಪ್ಪಿಕೊಂಡು ಹೊರಟೇ ಹೋದ.

ಎಲ್ಲಿಗೆ ಹೋಗುವುದು? ಪೆಲಿಕನ್ ಗ್ಯಾಪ್‌ನಲ್ಲಿ ಮರವಿಲ್ಲದ, ಉಪ್ಪುಗಾಳಿ ನುಗ್ಗದ, ಹಗಲೂ ರಾತ್ರಿ ಏಸಿ ಓಡುವ, ಕರೆಂಟು ಹೋದರೆ ಜನರೇಟರ್ ಹೊಡೆದುಕೊಳ್ಳುವ ಜಾಗ ಒಂದೇ ಒಂದು. ಅಲ್ಲಿನ ತಂಪಿನ ಸುಖ ಪಡೆಯುವುದಕ್ಕೆ ಮಾತ್ರ ಮೊದಲು ಸಾಯಬೇಕಾಗಿತ್ತು. ಅದು ಡಾರ್ನ್ಲಿ ಹೊಯ್ಟ್‌ನ ಶವಾಗಾರ. ಹೆಣಕ್ಕೆ ಸ್ನಾನ ಮಾಡಿಸುವುದರಿಂದ ಹಿಡಿದು ಮಣ್ಣು ಮಾಡುವವರೆಗೂ ಎಲ್ಲವೂ ಅವನದೇ ಜವಾಬ್ದಾರಿ.

ಹೊಯ್ಟ್ ದಪ್ಪ ಮನುಷ್ಯ, ಮೃದು ಹೃದಯ. ಬದುಕಿರುವವರನ್ನು ಕಂಡರೂ ಅರ್ಧ ಸಂತಾಪದಿಂದಲೇ ಮಾತಾಡುತ್ತಿದ್ದ.

“ಹೊಯ್ಟ್, ನಿನ್ನ ಹತ್ರ ಒಂದು ಸಣ್ಣ ಜಾಗ ಬೇಕಿತ್ತು,” ಎಂದು ಪಿಸುಗುಟ್ಟಿದ ಸ್ಕೀಟ್. “ತಣ್ಣಗಿರಬೇಕು. ತೇವ ಇರಬಾರದು. ಮರದ್ದು ಮಾತ್ರ ಬೇಡಪ್ಪ.”

ಹೊಯ್ಟ್ ಬೆಚ್ಚಿದ. “ಮರದ್ದು ಬೇಡ್ವಾ? ಮಹಾಗನಿದು ಚೆನ್ನಾಗಿರುತ್ತೆ ಸ್ಕೀಟ್.”

“ಮಹಾಗನಿಯಂತೂ ಬೇಡವೇ ಬೇಡ. ವೆಲ್ಡಾಗೆ ಗೊತ್ತಾಗಬಾರದು. ಮೂವತ್ತನೇ ತಾರೀಕಿನವರೆಗೆ ಅಷ್ಟೆ.”

“ಅಯ್ಯೋ ದೇವರೇ. ಅಷ್ಟು ಬೇಗನಾ? ಖಚಿತವಾಗಿ ಹೇಳಿದ್ರಾ?”

“ಬ್ರಿಜ್‌ಟೌನ್‌ಗೇ ಹೋಗಿ ಕೇಳ್ಕೊಂಡು ಬಂದೆ. ದೊಡ್ಡ ತಜ್ಞರು. ಯಾರ ಮುಂದೆಯೂ ಬಾಯಿ ಬಿಡಬೇಡ ಅಂದಿದ್ದಾರೆ.”

ಇಷ್ಟಕ್ಕೇ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊಸ ನಾಣ್ಯ ಕೊಂಡವನಿಗೆ ಅದನ್ನು ಒಬ್ಬರಿಗಾದರೂ ತೋರಿಸದಿದ್ದರೆ ತುರಿಕೆ. ಸ್ಕೀಟ್ ಕೈಗವಸು ತೊಟ್ಟು, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಪೆಟ್ಟಿಗೆ ತೆರೆದ. ಹೊಯ್ಟ್ ನೋಡಿದ. ಆ ಎರಡು ದೊಡ್ಡ ಬೆಳ್ಳಿ ನಾಣ್ಯಗಳ ಮೇಲೆ ಅವನ ದೃಷ್ಟಿ ನೆಟ್ಟಿತು. ಹೊಯ್ಟ್‌ನ ತಾತನ ಕಾಲದಲ್ಲಿ, ಸತ್ತವರ ರೆಪ್ಪೆ ತೆರೆದುಕೊಳ್ಳದಿರಲೆಂದು ಎರಡು ಕಣ್ಣಿನ ಮೇಲೂ ತಾಮ್ರದ ಪೆನ್ನಿ ಇಡುತ್ತಿದ್ದರು. ಬಡವರಿಗೂ ತಾಮ್ರ, ತೋಟದ ದೊರೆಗಳಿಗೂ ತಾಮ್ರ. ತನ್ನ ಕಣ್ಣಿಗೆ ಬೇಕಾದ ನಾಣ್ಯವನ್ನು ತಾನೇ, ಅದೂ ಬೆಳ್ಳಿಯದು, ಮುಂಚಿತವಾಗಿ ತಂದುಕೊಟ್ಟ ಗಿರಾಕಿಯನ್ನು ಹೊಯ್ಟ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

“ಎರಡೂ ಒಂದೇ ಅಳತೆ ಇಲ್ವಲ್ಲ ಸ್ಕೀಟ್,” ಎಂದ ಹೊಯ್ಟ್.

“ಒಂದು ಐದು, ಒಂದು ಹತ್ತು.”

“ಹತ್ತು ಯಾವ ಕಡೆ ಇಡೋದು?”

ಪೆಟ್ಟಿಗೆಯ ವಿಷಯ ಕೇಳುತ್ತಿದ್ದಾನೆಂದು ಸ್ಕೀಟ್ ಹೆಮ್ಮೆಯಿಂದ ಹೇಳಿದ, “ಎಡಗಡೆ ಐದು, ಬಲಗಡೆ ಹತ್ತು. ಬದಲಾಯಿಸಬಾರದು. ಬರಿಗೈಲಿ ಮುಟ್ಟಬಾರದು.”

ಹೊಯ್ಟ್ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಬರೆದ ಅಕ್ಷರದ ಮೇಲೆ ಒಂದು ಹನಿ ಬಿತ್ತು.

ಶವಾಗಾರದವನ ಗುಟ್ಟೆಂದರೆ ಕಬ್ಬಿಣದ ಪೆಟ್ಟಿಗೆ. ಹೊಯ್ಟ್ ಯಾರಿಗೂ ಹೇಳಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳೂ ಯಾರಿಗೂ ಹೇಳಲಿಲ್ಲ, ರಮ್ ಅಂಗಡಿಯ ಸೀಬರ್ಟ್ ಒಬ್ಬನನ್ನು ಬಿಟ್ಟು. ಸೀಬರ್ಟ್ ಕುಡಿಯಲು ಬಂದವರಿಗಷ್ಟೇ ಹೇಳಿದ. ಸಂಜೆ ಆರು ಗಂಟೆಗೆ ಇಡೀ ಪೆಲಿಕನ್ ಗ್ಯಾಪ್‌ನಲ್ಲಿ ವಿಷಯ ಗೊತ್ತಿಲ್ಲದಿದ್ದವರು ಇಬ್ಬರೇ: ಸ್ಕೀಟ್, ಮತ್ತೆ ಒಂದು ಕಿವುಡು ಮೇಕೆ.

ಮರುದಿನದಿಂದ ಸ್ಕೀಟನ ಭಾಗ್ಯ ತೆರೆಯಿತು. ಅವನು ದಿನಾ ಹತ್ತು ಗಂಟೆಗೆ ಬಿಳಿ ಕೈಗವಸು ತೊಟ್ಟು, ಬಾಯಿಗೆ ಕರವಸ್ತ್ರ ಹಿಡಿದು ಶವಾಗಾರಕ್ಕೆ ಹೋಗಿ, ಅರ್ಧ ಗಂಟೆ ಒಳಗಿದ್ದು, ಮುಖದಲ್ಲಿ ದಿವ್ಯ ಶಾಂತಿ ತುಂಬಿಕೊಂಡು ಹೊರಬರುತ್ತಿದ್ದ. ರಸ್ತೆಯಲ್ಲಿ ಗಂಡಸರು ಹ್ಯಾಟು ತೆಗೆಯುತ್ತಿದ್ದರು. ಬಸ್ಸಿನವನು ನಿಲ್ದಾಣವಿಲ್ಲದ ಕಡೆ ನಿಲ್ಲಿಸಿ, “ಮೆಲ್ಲಗೆ ಹತ್ತಿ ಮಿಸ್ಟರ್ ಸ್ಕೀಟ್,” ಎನ್ನುತ್ತಿದ್ದ. ಮಿಸ್ಟರ್ ಸ್ಕೀಟ್! ತಾನು ೧೯೭೩ರ ಸೆಟ್ ಕೊಂಡದ್ದು ಹೇಗೋ ಹೊರಬಿದ್ದಿದೆ, ಆದ್ದರಿಂದಲೇ ಈ ಮರ್ಯಾದೆ ಎಂದು ಸ್ಕೀಟ್ ಲೆಕ್ಕ ಹಾಕಿದ.

ರಮ್ ಅಂಗಡಿಯಲ್ಲಿ ಸೀಬರ್ಟ್ ಕೇಳದೆಯೇ ಗ್ಲಾಸು ತುಂಬಿಸಿಟ್ಟ.

“ದುಡ್ಡು ಬೇಡ ಕಣಯ್ಯಾ. ಒಂದು ಮಾತು ಕೇಳ್ಲಾ? ಭಯ ಆಗಲ್ವಾ ನಿಂಗೆ?”

“ಮೊದಮೊದಲು ಆಗ್ತಿತ್ತು,” ಎಂದ ಸ್ಕೀಟ್ ಮೀಸೆ ಒರೆಸಿಕೊಂಡು. “ಈಗ ಒಳ್ಳೆ ಜಾಗ ಸಿಕ್ಕಿದೆಯಲ್ಲ, ನೆಮ್ಮದಿ.”

“ಕೇಳಿದ್ರೇನ್ರೋ?” ಎಂದು ಸೀಬರ್ಟ್ ಮೂಗೊರೆಸಿಕೊಂಡ. “ಇವನ ಎದೆ ಅಂದ್ರೆ ಎದೆ! ನಾನಾಗಿದ್ರೆ ಕಿರುಚಾಡಿ ಊರು ಎಬ್ಬಿಸ್ತಿದ್ದೆ.”

“ಅಭ್ಯಾಸ ಮಾಡ್ಕೋಬೇಕು ಸೀಬರ್ಟ್. ನೀನೂ ಶುರು ಮಾಡು. ಸಣ್ಣದರಿಂದ ಶುರು ಮಾಡು.”

ಸೀಬರ್ಟ್ ಅಂದು ಅಂಗಡಿ ಬೇಗ ಮುಚ್ಚಿದ.

ಮನೆಯಲ್ಲಂತೂ ರಾಜೋಪಚಾರ. ವೆಲ್ಡಾ ಕುರಿಯ ಮಾತೆತ್ತಲಿಲ್ಲ. ಹಾರುಮೀನು ಹುರಿದಳು, ಮ್ಯಾಕರೋನಿ ಪೈ ಮಾಡಿದಳು, ನಡುನಡುವೆ ಈರುಳ್ಳಿ ಹೆಚ್ಚದೆಯೇ ಕಣ್ಣೊರೆಸಿಕೊಂಡಳು. ಒಂದು ದಿನ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಂಥ ಘಟನೆ ನಡೆಯಿತು. ಅಯಾಂತಿ ಗಿಟೆನ್ಸ್ ಕೋಲೂರಿಕೊಂಡು ಬಂದು, ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಬಿಸಿ ಕಾಂಕಿ ಕಡುಬನ್ನು ಅವನ ಮುಂದಿಟ್ಟಳು. ಕುಂಬಳಕಾಯಿ, ಕೊಬ್ಬರಿ ಧಾರಾಳವಾಗಿ ಬಿದ್ದಿತ್ತು.

“ತಿನ್ನು,” ಎಂದಳು. ಗೋಡೆಗಲ್ಲ, ಅವನಿಗೇ.

ಸ್ಕೀಟ್ ತಿರುಗಿ ಗೋಡೆಯ ಕಡೆ ನೋಡಿದ, ಆಮೇಲೆ ಒಂದು ತುತ್ತು ತಿಂದ. “ನೀವೇ ಮಾಡಿದ್ರಾ ಮಿಸ್ಟ್ರೆಸ್ ಗಿಟೆನ್ಸ್?”

“ಮತ್ತೆ ಯಾರು, ಗವರ್ನರ್ ಜನರಲ್ಲಾ? ತಿನ್ನು. ಅಲ್ಲಿ ಇದೆಲ್ಲ ಸಿಗುತ್ತೋ ಇಲ್ವೋ.”

ಎಲ್ಲಿ ಎಂದು ಸ್ಕೀಟ್ ಕೇಳಲಿಲ್ಲ. ಪ್ರದರ್ಶನದಲ್ಲಿ ಕಾಂಕಿ ಮಾರುವುದಿಲ್ಲವೇನೋ ಅಂದುಕೊಂಡ. ಎಂಟು ನಾಣ್ಯ ಒಬ್ಬ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಏರಿಸುತ್ತವೆ ಎಂದು ನೆನೆದು ಅವನ ಎದೆ ತುಂಬಿ ಬಂತು.

ನವೆಂಬರ್ ಮೂವತ್ತು ಬಂತು. ಬೆಳಗ್ಗೆ ಒಂಬತ್ತೂವರೆಗೆ ಶವಾಗಾರಕ್ಕೆ ಹೋದರೆ, ಹೊಯ್ಟ್ ಹೆಣ ಸಾಗಿಸುವ ಕಪ್ಪು ಗಾಡಿ ತೊಳೆದು ನಿಲ್ಲಿಸಿದ್ದ.

“ನೀನಿನ್ನೂ ನಡೆದಾಡ್ತಾ ಇದ್ದೀಯಲ್ಲ!” ಎಂದ.

“ಮತ್ತೆ ಹಾರಿ ಹೋಗ್ಲಾ? ಹತ್ತು ಗಂಟೆಗೆ ಹಾಲ್‌ನಲ್ಲಿರಬೇಕು.”

“ಕೊನೇ ಸಲ ಎಲ್ಲರನ್ನೂ ನೋಡ್ಬೇಕು ಅಂತ ಆಸೆಯಾ? ಬಾ, ಗಾಡೀಲೇ ಬಿಡ್ತೀನಿ. ಒಳಗೆ ಏಸಿ ಇದೆ.”

ಏಸಿ ಎಂದ ಮೇಲೆ ಸ್ಕೀಟ್ ಎರಡನೇ ಮಾತಾಡಲಿಲ್ಲ. ಹೊಯ್ಟ್ ಕೊಟ್ಟ ಪೆಟ್ಟಿಗೆಯನ್ನು ಗಾಳಿಗೆ ತೆರೆಯಬಾರದೆಂದು ಹಾಗೇ ಮಡಿಲಲ್ಲಿಟ್ಟುಕೊಂಡು, ಗಾಜು ಏರಿಸಿ, ಮುಂದಿನ ಸೀಟಿನಲ್ಲಿ ಕೂತ. ಗಾಡಿ ನಡಿಗೆಯ ವೇಗದಲ್ಲಿ ಹೊರಟಿತು. ದಾರಿಯುದ್ದಕ್ಕೂ ಜನ ಎದ್ದು ನಿಂತರು. ಹೆಂಗಸರು ಎದೆಯ ಮೇಲೆ ಕೈಯಿಟ್ಟುಕೊಂಡರು. ಹೆಣದ ಗಾಡಿಯ ಮುಂದಿನ ಸೀಟಿನಿಂದ ಸ್ಕೀಟ್ ಬಿಳಿ ಕೈಗವಸಿನ ಕೈ ಬೀಸಿದ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ರಾಣಿಯ ಹಾಗೆ. ಮೂವರು ಮೂರ್ಛೆ ಹೋದರು. ಐವರು ಎನ್ನುವವರೂ ಇದ್ದಾರೆ.

ಹಾಲ್ ಕಿಕ್ಕಿರಿದಿತ್ತು. ಕೇಕಿನ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ನಾಣ್ಯದ ಮೇಜಿನ ಮೇಲೆ ಬಿಳಿ ಕಾರ್ಡು ನಿಂತಿತ್ತು: ‘ಆಸ್ವಿನ್ ಸ್ಕೀಟ್.’ ಸ್ಕೀಟ್ ಅದನ್ನು ಮೂರು ಸಲ ಓದಿದ. ಮೂರೂ ಸಲ ಅವನದೇ ಹೆಸರಿತ್ತು. ತೀರ್ಪುಗಾರ ಕಿಂಚ್ ಕೈಗವಸು ಎಳೆದುಕೊಂಡು, ಎಲ್ಲರಿಗೂ ಉಸಿರು ಬಿಗಿಹಿಡಿಯಲು ಹೇಳಿ, ಪೆಟ್ಟಿಗೆ ತೆರೆದರು.

ತೆರೆದವರು ಕೂಗಿದರು. ಕೂಗಿಗೆ ಕುಂಬಳಕಾಯಿಯೊಂದು ಉರುಳಿತು.

ನಾಣ್ಯಗಳು ಹೊಳೆಯುತ್ತಿದ್ದವು. ಹೇಗೆಂದರೆ, ಹೊಸ ಅಲ್ಯುಮಿನಿಯಂ ಪಾತ್ರೆಯ ಹಾಗೆ. ಕಾಮನಬಿಲ್ಲು ಹೋಗಿತ್ತು. ಹಿಮದ ಪುಡಿ ಹೋಗಿತ್ತು. ಕನ್ನಡಿಯಂಥ ತಳದ ತುಂಬ ಸುತ್ತಸುತ್ತ ಗೀರು, ಸಮುದ್ರರಾಜನ ಗಡ್ಡ ನುಣ್ಣಗೆ ಬೋಳಿಸಿದಂತಿತ್ತು.

“ಉಜ್ಜಿದ್ದಾರೆ!” ಕಿಂಚ್‌ರ ಧ್ವನಿ ಸೀಳಿತು. “ಮೂವತ್ತೈದು ವರ್ಷ ಒಬ್ಬರೂ ಮುಟ್ಟದ್ದನ್ನ ಪುಡಿ ಹಾಕಿ ಉಜ್ಜಿದ್ದಾರೆ! ಇದಕ್ಕೆ ಇನ್ನು ಅಂಗಡೀಲಿ ಬ್ರೆಡ್ ಬಂದ್ರೆ ಹೆಚ್ಚು! ಯಾರು? ಈ ಕೊಲೆ ಮಾಡಿದ ಮೂರ್ಖ ಯಾರು?”

ಕುರಿ, ಕಾರ್ಡು, ಮದುವೆಯ ವರ್ಷ, ಎಲ್ಲವೂ ಸ್ಕೀಟನ ಕಣ್ಣೆದುರು ಸುತ್ತಿತು. ಮೇಜು ಹಿಡಿದುಕೊಂಡು ತಲೆಯೆತ್ತಿದರೆ ಮೊದಲ ಸಾಲಿನಲ್ಲಿ ಅಯಾಂತಿ ಗಿಟೆನ್ಸ್ ಕೂತಿದ್ದಳು. ಕೋಲಿನ ಮೇಲೆ ಎರಡೂ ಕೈ. ಗಂಟುಗಂಟಾದ ಆ ಬೆರಳುಗಳ ಸಂದಿಯಲ್ಲಿ ಉಜ್ಜುವ ಬಿಳಿ ಪುಡಿ. ಅವಳು ಏಳುವ ಹವಣಿಕೆಯಲ್ಲಿದ್ದಳು. ಊರೆಲ್ಲ ನೋಡುತ್ತಿತ್ತು. ಕಿಂಚ್‌ರ ಬಾಯಲ್ಲಿ ಇನ್ನೂ ಹತ್ತು ಬೈಗುಳ ಸಾಲಾಗಿ ನಿಂತಿದ್ದವು.

ಸ್ಕೀಟ್ ಎಂದೂ ಏನನ್ನೂ ಬೇಗ ಮಾಡಿದವನಲ್ಲ. ಅಂದು ಮಾಡಿದ.

“ನಾನೇ ಸಾರ್,” ಎಂದ. “ಆ ಮೂರ್ಖ ನಾನೇ. ನಾನೇ ಉಜ್ಜಿದೆ.”

ಅಯಾಂತಿಯ ಕೋಲು ನೆಲಕ್ಕೆ ಬಿದ್ದ ಸದ್ದು ತೋಪು ಹಾರಿದಂತೆ ಕೇಳಿಸಿತು.

“ಸುಳ್ಳು!” ಎಂದಳು ಅಯಾಂತಿ. “ಶುದ್ಧ ಸುಳ್ಳು! ಇವನು ಮದುವೆ ಆದಾಗಿಂದ ಒಂದು ಚಮಚ ಉಜ್ಜಿದ್ದು ಯಾರಾದ್ರೂ ನೋಡಿದೀರಾ? ನಿನ್ನೆ ಸಂಜೆ ಹೊಯ್ಟ್ ಹತ್ರ ಜಗಳ ಆಡಿ ಪೆಟ್ಟಿಗೆ ಇಸ್ಕೊಂಡು, ಎರಡು ಗಂಟೆ ಕೂತು ಉಜ್ಜಿದ್ದು ನಾನು! ಅಂಚಿಗೆಲ್ಲ ಹೆಂಗೆ ಕಿಲುಬು ಹಿಡಿದಿತ್ತು ಅಂದ್ರೆ! ಈಗ ಹೆಸರು ಇವನಿಗಾ?”

“ಮಿಸ್ಟ್ರೆಸ್ ಗಿಟೆನ್ಸ್, ಸುಮ್ನಿರಿ,” ಎಂದು ಸ್ಕೀಟ್ ಕಣ್ಸನ್ನೆ ಮಾಡಿದ.

“ಯಾಕೆ ಸುಮ್ನಿರ್ಲಿ? ನಿನಗೋಸ್ಕರ ತಾನೇ ಉಜ್ಜಿದ್ದು! ಕಿಲುಬು ಹಿಡಿದ ಕಾಸು ಕಣ್ಣ ಮೇಲಿಟ್ಕೊಂಡು ದೇವರ ಮುಂದೆ ಹೋಗಿ ನಿಂತ್ರೆ ಅವನು ಏನಂದ್ಕೋತಾನೆ? ಈ ಮನುಷ್ಯನ ಮನೇಲಿ ಹೆಂಗಸರಿರಲಿಲ್ವಾ ಅಂತಾನೆ!”

“ಯಾರ ಕಣ್ಣು?”

“ನಿನ್ನ ಕಣ್ಣು!”

“ನನ್ನ ಕಣ್ಣ ಮೇಲೆ ಕಾಸು ಯಾಕೆ?”

“ಸತ್ತ ಮೇಲೆ ಮತ್ತೇನು ಕನ್ನಡಕ ಹಾಕ್ತಾರಾ?”

“ಸಾಯ್ತಾ ಇರೋರು ಯಾರು?”

ಇಡೀ ಹಾಲ್ ಒಂದೇ ಕಂಠದಲ್ಲಿ ಹೇಳಿತು, “ನೀನು!”

ಸ್ಕೀಟ್ ತನ್ನ ಎದೆ ಮುಟ್ಟಿ ನೋಡಿಕೊಂಡ. “ನನಗೇನಾಗಿದೆ? ಬೆಳಗ್ಗೆ ಆರು ಬಾಳೆಹಣ್ಣು ತಿಂದೆ.”

ಬಾಗಿಲಲ್ಲಿ ನಿಂತಿದ್ದ ಹೊಯ್ಟ್ ಪುಸ್ತಕ ತೆಗೆದು, ಬರೆದದ್ದನ್ನು ಮತ್ತೆ ಓದಿಕೊಂಡು, ಮೆಲ್ಲಗೆ ಹೊರಗೆ ಹೋಗಿ ಗಾಡಿಯ ಇಂಜಿನ್ ನಿಲ್ಲಿಸಿ ಬಂದ. ಸೀಬರ್ಟ್, “ಹಾಗಾದ್ರೆ ನಾನು ಹದಿನೈದು ದಿನ ಕುಡಿಸಿದ್ದು ಗಟ್ಟಿಮುಟ್ಟಾದ ಆಳಿಗಾ?” ಎಂದು ತಲೆಗೆ ಕೈಹೊತ್ತ. ವೆಲ್ಡಾ ಓಡಿಬಂದು ಗಂಡನ ಬೆನ್ನಿಗೆ ಎರಡು ಗುದ್ದು ಹಾಕಿ, ಮೂರನೆಯದು ಹಾಕುವ ಮೊದಲೇ ಅಪ್ಪಿಕೊಂಡು ಅತ್ತಳು.

“ಮದುವೆ ವರ್ಷದ್ದು ವೆಲ್ಡಾ,” ಎಂದ ಸ್ಕೀಟ್ ಅವಳ ಕಿವಿಯಲ್ಲಿ. “ನಿನಗೆ ತೋರಿಸೋಣ ಅಂತಿದ್ದೆ.”

ವೆಲ್ಡಾ ಪೆಟ್ಟಿಗೆಯೊಳಗೆ ಇಣುಕಿದಳು. “ನಮ್ಮ ಹಾಗೇ ಇದೆ. ಅಮ್ಮ ಉಜ್ಜಿ ಉಜ್ಜಿ ಇಟ್ಟಿದ್ದಾಳೆ.”

ಕಿಂಚ್ ಕೈಗವಸು ಕಳಚಿದರು. ಇಂಥ ಊರಲ್ಲಿ ತಾವು ಬಹುಮಾನ ಕೊಡುವುದಿಲ್ಲವೆಂದೂ, ಈ ಕಾರ್ಡನ್ನು ಮೇಜಿನಿಂದ ತೆಗೆಯಬೇಕೆಂದೂ ಹೇಳಿದರು. ತೆಗೆಯಲು ಕೈಯನ್ನೂ ಚಾಚಿದರು. ಸ್ಕೀಟ್ ಅವರಿಗಿಂತ ಮೊದಲೇ ಕಾರ್ಡು ಎತ್ತಿಕೊಂಡ. ನೋಡಿದ. ಮೊದಲ ಸಾಲಿನಲ್ಲಿ ಅಯಾಂತಿ ಇನ್ನೂ ನಿಂತೇ ಇದ್ದಳು. ಬಿದ್ದ ಕೋಲು ಮತ್ತೆ ಅವಳ ಕೈಗೆ ಬಂದಿತ್ತು.

ಅವನು ಜೇಬಿನಿಂದ ಪೆನ್ನು ತೆಗೆದ. ಕಾರ್ಡು ತಿರುಗಿಸಿ ಹಿಂಬದಿಯಲ್ಲಿ, ಅಂಚೆ ಕಚೇರಿಯ ಗುಂಡುಗುಂಡು ಅಕ್ಷರದಲ್ಲಿ ಏನೋ ಬರೆದು, ಮೇಜಿನ ಮೇಲೆ ನಿಲ್ಲಿಸಿದ.

“ಏನು ಬರೆದಿದ್ದಾನೆ? ಓದೇ ಮಗಳೇ, ನನ್ನ ಕನ್ನಡಕ ಇಲ್ಲ,” ಎಂದಳು ಅಯಾಂತಿ.

ವೆಲ್ಡಾ ಓದಿದಳು. “‘೧೯೭೩ನೇ ಇಸವಿಯ ಎಂಟು ನಾಣ್ಯ. ಉಜ್ಜಿದವರು: ಶ್ರೀಮತಿ ಅಯಾಂತಿ ಗಿಟೆನ್ಸ್. ಹೊತ್ತು ತಂದವರು: ಆಸ್ವಿನ್ ಸ್ಕೀಟ್.’”

ಅಯಾಂತಿ ಕೋಲೂರಿಕೊಂಡು ಮೇಜಿನ ಹತ್ತಿರ ಬಂದಳು. ಕಾಣದ ಕಾರ್ಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಿಳಿ ಪುಡಿಯ ಬೆರಳಿನಿಂದ ಅದರ ಕೊನೆಯ ಸಾಲನ್ನು ಕುಟ್ಟಿದಳು.

“ಇಲ್ಲಿ ‘ಅಳಿಯ’ ಅಂತ ಸೇರಿಸು. ಬರೀ ಆಸ್ವಿನ್ ಸ್ಕೀಟ್ ಅಂದ್ರೆ ಈ ಊರಲ್ಲಿ ಯಾರಿಗೆ ಗೊತ್ತಾಗುತ್ತೆ?”